ದಿಲ್ಲಿಯ ಕಾಗದ

ಕುರ್ಲಾದಿಂದ ಸಾಂತಾಕ್ರೂಜಿಗೆ ಹೋಗುವ ಬಸ್ಸಿನಲ್ಲಿ ಕೂತು, ಇಲ್ಲೆಲ್ಲ ಒಂದು ಕಾಲಕ್ಕೆ ಭತ್ತದ ಗದ್ದೆಗಳಿದ್ದವು ಎಂದು ಹೇಳಿದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ಅಜ್ಜಿಗೆ ಅರಳುಮರಳು ಎಂದು ಹಿಂದಿಯಲ್ಲಿ ಮಾತಾಡಿಕೊಳ್ಳುತ್ತಾರೆ, ನನಗೆ ಹಿಂದಿಯೇ ಬಾರದು ಎನ್ನುವ ಹಾಗೆ. ನಗಲಿ. ಗದ್ದೆ ಇದ್ದದ್ದು ನಿಜ. ಆ ಗದ್ದೆಗಳ ನಡುವಿನ ಒಂದು ಶಾಲೆಯಲ್ಲಿ ಮೇಜು ಹಾಕಿಕೊಂಡು ಕೂತು, ಹೆಂಗಸರ ಬೆರಳಿಗೆ ಶಾಯಿ ಹಚ್ಚಿದವಳು ನಾನೇ.

ದೇಶದ ಮೊದಲ ಚುನಾವಣೆಯಲ್ಲಿ ಆ ಭಾಗವನ್ನೆಲ್ಲ ಸೇರಿಸಿ ಒಂದು ಲೋಕಸಭಾ ಕ್ಷೇತ್ರ ಮಾಡಿದ್ದರು. ಹೆಸರಿಗೆ ಉಪನಗರ, ನೋಡಿದರೆ ಹಳ್ಳಿ. ಸ್ಟೇಷನ್ನಿನ ಎರಡೂ ಮಗ್ಗುಲಿಗೆ ಒಂದಿಷ್ಟು ಚಾಳು, ಒಂದೆರಡು ಕಾರಖಾನೆ. ಅದನ್ನು ದಾಟಿದರೆ ಗದ್ದೆ, ಎಮ್ಮೆಯ ತಬೇಲಾ, ತಾಳೆಮರ, ಉಪ್ಪುನೀರು ನಿಂತ ಜೌಗು, ನಡುನಡುವೆ ಹೆಂಚಿನ ಮನೆಗಳ ಸಣ್ಣ ಸಣ್ಣ ಊರು. ಓಟು ಕೇಳಲು ಬಂದವರ ಜೀಪು ಗದ್ದೆಯ ಬದುವಿನ ತನಕ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಮುಂದಕ್ಕೆ ಅವರು ಧೋತರ ಎತ್ತಿ ಹಿಡಿದು ಸಾಲಾಗಿ ನಡೆಯಬೇಕು. ದೊಡ್ಡ ಮನುಷ್ಯರು ಹಾಗೆ ನಡೆದದ್ದನ್ನು ಆ ಊರಿನವರು ನೋಡಿದ್ದು ಅದೇ ಮೊದಲು. ಎರಡನೆಯ ಚುನಾವಣೆಯ ಹೊತ್ತಿಗೆ ರಸ್ತೆ ಆಗಿತ್ತು, ಯಾರೂ ಇಳಿದು ನಡೆಯಲಿಲ್ಲ.

ನಾನು ಆಗ ಇಪ್ಪತ್ತೆರಡರ ಹುಡುಗಿ. ಧಾರವಾಡದ ಕಡೆಯವಳು; ಅಣ್ಣನ ಜೊತೆ ದಾದರಿನ ಚಾಳಿನಲ್ಲಿ ಇದ್ದುಕೊಂಡು ಒಂದು ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೆಂಗಸರ ಸಾಲಿಗೆ ಹೆಂಗಸರೇ ಬೇಕು, ಅದರಲ್ಲೂ ಕನ್ನಡ ಬರುವವರು ಬೇಕು ಎಂದು ಮೇಲಿನವರು ಯಾರೋ ಹೇಳಿ, ಚುನಾವಣೆಯ ಕೆಲಸಕ್ಕೆ ನನ್ನ ಹೆಸರು ಹೋಯಿತು. ಕನ್ನಡ ಯಾಕೆ ಬೇಕಾಯಿತೆಂದರೆ, ನನ್ನನ್ನು ಹಾಕಿದ ಮತಗಟ್ಟೆಯ ಊರಿನ ಹಿಂದಿನ ಗುಡ್ಡದಲ್ಲಿ ಕಲ್ಲಿನ ಖಣಿ ಇತ್ತು. ಅಲ್ಲಿ ಖಡಿ, ಎಂದರೆ ಜಲ್ಲಿ, ಒಡೆಯುವವರೆಲ್ಲ ಬಿಜಾಪುರ ಜಿಲ್ಲೆಯವರು. ಆಗ ಬಿಜಾಪುರವೂ ನಮ್ಮ ಧಾರವಾಡವೂ ಮುಂಬಯಿ ರಾಜ್ಯದಲ್ಲೇ ಇದ್ದವು, ಆದ್ದರಿಂದ ಅವರೂ ನಾನೂ ನಮ್ಮದೇ ರಾಜ್ಯದ ರಾಜಧಾನಿಯಲ್ಲಿ ಇದ್ದವರು. ಗುಡ್ಡದ ಬುಡದಲ್ಲಿ ಅವರ ಗುಡಿಸಲುಗಳಿದ್ದವು. ಮತದಾರರ ಪಟ್ಟಿ ಬರೆಯುವವರು ಬಂದಾಗ ಅಲ್ಲಿನ ಹೆಂಗಸರು ಇಂಥವನ ಹೆಂಡತಿ ಎನ್ನದೆ ತಮ್ಮ ಸ್ವಂತ ಹೆಸರು ಹೇಳಿ ಬರೆಸಿದ್ದರು. ಬರೆಸಿ ಏನಾಗಬೇಕು ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಅದನ್ನು ತಿಳಿಸಿ ಹೇಳುವುದು ನನ್ನ ಪಾಲಿಗೆ ಬಂತು. ಮೂರು ಭಾನುವಾರ ಲೋಕಲ್ ಹಿಡಿದು ಕುರ್ಲಾಕ್ಕೆ ಹೋಗಿ, ಅಲ್ಲಿಂದ ಗದ್ದೆಯ ಬದುವಿನ ಮೇಲೆ ನಡೆದು ಗುಡ್ಡಕ್ಕೆ ಹೋದೆ. ಆಗಿನ ಓಟು ಈಗಿನ ಹಾಗಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಚಿತ್ರದ ಗುರುತು. ನಮ್ಮ ಕೈಗೆ ಕೊಡುವ ಕಾಗದದ ಮೇಲೆ ಯಾರ ಹೆಸರೂ ಇಲ್ಲ, ಗುರುತೂ ಇಲ್ಲ. ಅದನ್ನು ಪರದೆಯ ಹಿಂದೆ ಒಯ್ದು ಬೇಕಾದ ಪೆಟ್ಟಿಗೆಯಲ್ಲಿ ಹಾಕಿಬಿಡುವುದು, ಅಷ್ಟೇ. ಎರಡು ಕಾಗದ ಕೊಡುತ್ತಿದ್ದರು. ಒಂದು ದಿಲ್ಲಿಯ ಸಭೆಗೆ, ಒಂದು ಮುಂಬಯಿಯ ಸಭೆಗೆ. ನಾನು ಚಹದ ಖಾಲಿ ಡಬ್ಬಿಗಳ ಮೇಲೆ ಚಿತ್ರ ಅಂಟಿಸಿ, ಹಳೆಯ ನೋಟ್‌ಬುಕ್ಕಿನ ಹಾಳೆ ಕತ್ತರಿಸಿ, ಆಟ ಆಡಿಸುವ ಹಾಗೆ ಅವರಿಗೆ ಕಲಿಸಿದೆ. ಅವರೂ ನಗುತ್ತ ಕಲಿತರು.

ಕಲಿತರು ನಿಜ, ಆದರೆ ಬರುವ ಮನಸ್ಸು ಯಾರಿಗೂ ಇರಲಿಲ್ಲ. ಒಂದು ದಿನದ ಖಡಿ ಬಿಟ್ಟು ಇದಕ್ಕೆ ಯಾಕೆ ಬರಬೇಕು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಪ್ರಜಾಪ್ರಭುತ್ವ, ದೇಶ ಎಂದೆಲ್ಲ ನಾನು ಶುರು ಮಾಡಿದೆ, ಅವರು ಎಲೆ ಮಡಚುತ್ತ ಕೂತರು. ಆಗ ನನ್ನ ಬಾಯಿಗೆ ಬೇರೆ ಒಂದು ಮಾತು ಬಂತು. ಅವರ ಭಯ ಏನೆಂದು ನನಗೆ ಗೊತ್ತಿತ್ತು. ಗುಡ್ಡದ ಬುಡದಿಂದ ಇವತ್ತಲ್ಲ ನಾಳೆ ಎಬ್ಬಿಸುತ್ತಾರೆ ಎಂಬ ಸುದ್ದಿ ಆಗಲೇ ಓಡಾಡುತ್ತಿತ್ತು. ಅಂಥವರಿಗೆ ನಾನು ಹೇಳಿದೆ:

"ಆ ಕಾಗದ ನಿಮ್ಮ ಕೈಯಾಗ ಬಂತು ಅಂದ್ರ, ನೀವು ಈ ಊರಿನವ್ರು ಅಂತ ಸರಕಾರ ಒಪ್ಪಿಕೊಂಡಂಗ."

ಎಲೆ ಮಡಚುವ ಕೈಗಳು ನಿಂತವು. ಮಾತು ನಾಟಿತೆಂದು ನನಗೆ ಖುಷಿಯಾಯಿತು. ಮುಂದಿನ ಎರಡು ಭಾನುವಾರವೂ ಅದೇ ಮಾತನ್ನು, ಇನ್ನಷ್ಟು ಒತ್ತಿ, ಹೇಳಿದೆ. ಅದರಲ್ಲಿ ಸುಳ್ಳೇನಿದೆ ಎಂದು ಆಗ ಯಾರಾದರೂ ಕೇಳಿದ್ದರೆ ಜಗಳಕ್ಕೇ ಹೋಗುತ್ತಿದ್ದೆ.

ಆ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಒಬ್ಬಳಿದ್ದಳು. ನಲವತ್ತೈದರ ಆಸುಪಾಸು. ಗಂಡ ಕಲ್ಲಿನ ಧೂಳು ಕುಡಿದು ದಮ್ಮು ಹತ್ತಿ ಸತ್ತಿದ್ದ. ಮಗಳನ್ನು ಊರ ಕಡೆ ಕೊಟ್ಟಿದ್ದಳು. ಒಬ್ಬಳೇ ಇದ್ದಳು. ಅವಳ ಗುಡಿಸಲು ಸಾಲಿನ ಮೊದಲನೆಯದು, ನೆಲಕ್ಕೆ ತಾನೇ ಒಡೆದ ಕಲ್ಲಿನ ಚಪ್ಪಡಿಗಳನ್ನು ಹೊಂದಿಸಿ ಹಾಕಿದ್ದಳು. ನಮ್ಮ ದಾದರಿನ ಖೋಲಿಯ ನೆಲಕ್ಕಿಂತ ಅದು ಚೆನ್ನಾಗಿತ್ತು. ನಾನು ಹೋದಾಗಲೆಲ್ಲ ಅಲ್ಲೇ ಕೂರುತ್ತಿದ್ದೆ. ನನ್ನನ್ನು ಎಲ್ಲರ ಹಾಗೆ ಅವಳೂ ಅಕ್ಕೋರು ಎನ್ನುತ್ತಿದ್ದಳು, ನಮ್ಮ ಕಡೆ ಕಲಿಸುವ ಹೆಂಗಸಿಗೆ ಹಾಗೇ ಅನ್ನುವುದು. ಅವಳನ್ನು ನಾನು ಯಕ್ಕಾ ಎನ್ನುತ್ತಿದ್ದೆ.

ಮೂರನೆಯ ಭಾನುವಾರ, ಎಲ್ಲ ಮುಗಿದು ನಾನು ಡಬ್ಬಿಗಳನ್ನು ಚೀಲಕ್ಕೆ ತುಂಬುವಾಗ ಅವಳು ಹತ್ತಿರ ಬಂದು ಕೇಳಿದಳು:

"ಅಕ್ಕೋರ, ಪೆಟ್ಟಿಗ್ಯಾಗ ಹಾಕಿದ ಮ್ಯಾಲ ಆ ಕಾಗದಾ ತಿರುಗಿ ಕೊಡ್ತಾರೇನ್ರಿ?"

"ಇಲ್ರಿ ಯಕ್ಕಾ. ಗುಡಿ ಹುಂಡ್ಯಾಗ ಹಾಕಿದ್ದು ತಿರುಗಿ ಬರ್ತದೇನು? ಹಂಗ ಇದು."

ಅವಳು ತಲೆಯಾಡಿಸಿದಳು. ನನಗೆ ಲೋಕಲ್‌ಗೆ ಹೊತ್ತಾಗಿತ್ತು. ಯಾಕೆ ಕೇಳಿದಿರಿ ಎಂದು ನಾನು ಕೇಳಲಿಲ್ಲ.

ಚುನಾವಣೆಯ ದಿನ ಚಳಿಯಿತ್ತು. ಮುಂಬಯಿಯ ಚಳಿ ಎಂದರೆ ಬೆಳಗಿನ ಎರಡು ತಾಸು. ಊರ ಶಾಲೆಯ ಒಂದೇ ಕೋಣೆ, ಗೋಡೆಗೆ ಒರಗಿಸಿ ಪೆಟ್ಟಿಗೆಗಳು, ಅವಕ್ಕೆ ಅಡ್ಡವಾಗಿ ಬಿಳಿಯ ಪರದೆ. ಮತಗಟ್ಟೆಯ ಅಧಿಕಾರಿ ಮರಾಠಿಯವರು, ಯಾವುದೋ ಕಚೇರಿಯ ಹೆಡ್ ಕ್ಲಾರ್ಕು. ಕೆಟ್ಟ ಮನುಷ್ಯನಲ್ಲ. ಆದರೆ ಬೆಳಿಗ್ಗೆ ಬಂದವರೇ ನನಗೆ ಹೇಳಿದರು, ಗುಡ್ಡದ ಹೆಂಗಸರು ಬಂದರೆ ಗೊಂದಲ, ಕಾಗದವನ್ನು ಪೆಟ್ಟಿಗೆಯ ಮೇಲಿಟ್ಟು ಕೈಮುಗಿದು ಬರುತ್ತಾರೆ ನೋಡಿ ಬಾಈ ಎಂದು. ಮರಾಠಿಯವರು ಟೀಚರಿಗೆ ಬಾಈ ಎನ್ನುತ್ತಾರೆ. ನನಗೆ ಉರಿದುಹೋಯಿತು. ನಾನು ಕಲಿಸಿದವರು ಹಾಗೆ ಮಾಡುವುದಿಲ್ಲ ಎಂದೆ.

ಗುಡ್ಡದ ಹೆಂಗಸರು ಒಂಬತ್ತಕ್ಕೆ ಬಂದರು. ಮದುವೆಗೆ ಹೋಗುವ ಹಾಗೆ ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಗದ್ದೆಯ ಬದುವಿನ ಮೇಲೆ ಒಂದೇ ಸಾಲಿನಲ್ಲಿ ಬಂದರು. ಊರಿನ ಜನ ಬಾಗಿಲಿಗೆ ಬಂದು ನೋಡಿದರು. ಖಡಿಯ ಧೂಳಿಲ್ಲದೆ ಅವರನ್ನು ಅದುವರೆಗೆ ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಎದೆ ತುಂಬಿ ಬಂತು ಎಂದರೆ ಉತ್ಪ್ರೇಕ್ಷೆಯಲ್ಲ. ಇಷ್ಟು ವಯಸ್ಸಾದ ಮೇಲೂ, ಮುಂದೆ ಆದದ್ದೆಲ್ಲ ಆದ ಮೇಲೂ, ಆ ಸಾಲನ್ನು ನೆನೆದರೆ ಸಂತೋಷವೇ ಆಗುತ್ತದೆ.

ಮೊದಲು ಬಂದವಳು ಅವಳೇ. ಎಡಗೈ ತೋರುಬೆರಳು ಚಾಚಿದಳು. ಖಡಿ ಒಡೆಯುವವರು ಎಡಗೈಯಲ್ಲಿ ಕಲ್ಲು ಹಿಡಿದು ಬಲಗೈಯಲ್ಲಿ ಸುತ್ತಿಗೆ ಹೊಡೆಯುತ್ತಾರೆ. ತಪ್ಪಿದ ಏಟೆಲ್ಲ ಎಡಗೈಗೆ. ಅವಳ ಆ ಉಗುರು ಜಜ್ಜಿ ಜಜ್ಜಿ ಕಪ್ಪಾಗಿತ್ತು, ಹಚ್ಚಿದ ಶಾಯಿ ಕಾಣಲೇ ಇಲ್ಲ. ಪಕ್ಕದ ಬೆರಳಿಗೂ ಹಚ್ಚಿದೆ. ಎರಡು ಕಾಗದ ಕೊಟ್ಟೆ. ನೋಟಿನಷ್ಟೇ ಗಾತ್ರದ, ನೋಟಿನ ಹಾಗೇ ನಂಬರು ಒತ್ತಿದ, ಗರಿಗರಿಯಾದ ಕಾಗದ. ಇದು ದಿಲ್ಲಿದು, ಇದು ಮುಂಬಯಿದು ಎಂದೆ. ಎರಡನ್ನೂ ಬೇರೆ ಬೇರೆ ಕೈಯಲ್ಲಿ ಹಿಡಿದುಕೊಂಡು ಪರದೆಯ ಹಿಂದೆ ಹೋದಳು.

ಹೊರಗೆ ಬಂದಾಗ ಅವಳು ಸೊಂಟದ ಸಂಚಿಯ ದಾರವನ್ನು ಎಳೆದು ಬಿಗಿಯುತ್ತಿದ್ದಳು.

ಎಲೆ ಅಡಿಕೆ ಇಡುವ ಬಟ್ಟೆಯ ಸಂಚಿ ಅದು, ನಮ್ಮ ಕಡೆಯ ಹೆಂಗಸರು ಅದಿಲ್ಲದೆ ಹೊರಗೆ ಬರುವುದಿಲ್ಲ. ಓಟು ಹಾಕಲು ಹೋದವಳು ಪರದೆಯ ಹಿಂದೆ ಸಂಚಿ ಯಾಕೆ ಬಿಚ್ಚಬೇಕು? ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಕಾಗದ ತಿರುಗಿ ಕೊಡ್ತಾರೇನು ಎಂದು ಅವಳು ಯಾಕೆ ಕೇಳಿದ್ದಳು ಎಂಬುದೂ ಆಗಲೇ ತಿಳಿಯಿತು. ಸರಕಾರ ಒಪ್ಪಿಕೊಂಡ ಕಾಗದವನ್ನು ತಿರುಗಿ ಬಾರದ ಪೆಟ್ಟಿಗೆಗೆ ಯಾರಾದರೂ ಹಾಕುತ್ತಾರೆಯೇ? ನಾನು ಹೇಳಿದ ಎರಡು ಮಾತನ್ನು ಅವಳು ಕೂಡಿಸಿ ನೋಡಿದ್ದಳು, ನಾನೇ ಕೂಡಿಸಿರಲಿಲ್ಲ.

ಯಕ್ಕಾ, ಸಂಚಿ ತೋರಿಸ್ರಿ ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಪರದೆಯ ಹಿಂದೆ ವಾಪಸು ಕಳಿಸಬಹುದಿತ್ತು. ನಾನು ಹೇಳಲಿಲ್ಲ. ಹಿಂದೆ ಸಾಲು ದೊಡ್ಡದಿತ್ತು ಎನ್ನುವುದು ಒಂದು ಕಾರಣ. ನಿಜವಾದ ಕಾರಣ ಬೇರೆ. ನನ್ನ ಎಡಕ್ಕೆ ಆ ಅಧಿಕಾರಿ ಕೂತಿದ್ದರು, ನಾನು ಕಲಿಸಿದವರ ಬಗ್ಗೆ ಅವರ ಎದುರು ಜಂಬ ಕೊಚ್ಚಿಕೊಂಡಿದ್ದೆ. ಮೊದಲನೆಯವಳೇ ಹೀಗೆ ಮಾಡಿದಳೆಂದು ಅವರಿಗೆ ಗೊತ್ತಾಗುವುದು ನನಗೆ ಬೇಡವಾಗಿತ್ತು. ಮುಂದಿನವಳ ಬೆರಳು ಹಿಡಿದುಕೊಂಡೆ.

ಸಂಜೆ ಪೆಟ್ಟಿಗೆಗಳಿಗೆ ಅರಗು ಹಾಕುವಾಗ ಅಧಿಕಾರಿ ನನ್ನನ್ನು ಮೆಚ್ಚಿಕೊಂಡರು. ನಿಮ್ಮ ಹೆಂಗಸರು ಊರಿನವರಿಗಿಂತ ಚೆನ್ನಾಗಿ ಓಟು ಹಾಕಿದರು ಎಂದರು. ನಾನು ಥ್ಯಾಂಕ್ಸ್ ಹೇಳಿದೆ.

ಆ ಕ್ಷೇತ್ರದಲ್ಲಿ ಯಾರೋ ಗೆದ್ದರು, ಯಾರೋ ಸೋತರು. ನಡುವಿನ ಅಂತರ ದೊಡ್ಡದೇ ಇತ್ತು, ಆ ಒಂದು ಕಾಗದದಿಂದ ಯಾರ ಹಣೆಬರಹವೂ ಬದಲಾಗುತ್ತಿರಲಿಲ್ಲ. ಇದನ್ನು ನಾನು ಪತ್ರಿಕೆಯಲ್ಲಿ ಎರಡು ಸಲ ಓದಿ ಸಮಾಧಾನ ಮಾಡಿಕೊಂಡೆ.

ಹೋಳಿಯ ಹೊತ್ತಿಗೆ ಗುಡ್ಡಕ್ಕೆ ಹೋದೆ. ಹೋಗದೆ ಇರಲೂ ಆಗಲಿಲ್ಲ. ಅವಳು ನನ್ನನ್ನು ಒಳಗೆ ಕೂರಿಸಿ, ಗೋಡೆಯ ಮೇಲಿನ ದೇವರ ಪಟವನ್ನು ಇಳಿಸಿ, ಅದರ ಹಿಂದಿನಿಂದ ಮೇಣದ ಬಟ್ಟೆಯಲ್ಲಿ ಸುತ್ತಿದ್ದನ್ನು ತೆಗೆದಳು. ಕಾಗದ ಹೊಸದರ ಹಾಗೇ ಇತ್ತು. ಒಂದು ಮೂಲೆಗೆ ಕುಂಕುಮ ಮುಟ್ಟಿಸಿದ್ದಳು.

"ಮುಂಬಯಿದು ಹಾಕೀನ್ರಿ ಅಕ್ಕೋರ," ಎಂದಳು. "ನೀವು ಹೇಳಿದಂಗ ಪೆಟ್ಟಿಗ್ಯಾಗ ಹಾಕೀನಿ. ಸುಳ್ಳ್ಯಾಕ ಹೇಳ್ಲಿ. ದಿಲ್ಲಿದೊಂದ ಇಟ್ಕೊಂಡೀನಿ. ದೊಡ್ಡ ಸರಕಾರದ್ದು ಅಲ್ರಿ? ನಾಳೆ ಯಾರರ ಬಂದು ಏಳ್ರಿ ಅಂದ್ರ ತೋರಸಾಕ ಬೇಕಲ್ರಿ."

ಹೇಳಬೇಕೆಂದೇ ನಾನು ಬಂದಿದ್ದೆ. ಯಕ್ಕಾ, ಇದು ಪೆಟ್ಟಿಗೆಯಲ್ಲಿದ್ದರೆ ಮಾತ್ರ ಏನಾದರೂ ಬೆಲೆ, ಹೊರಗಿದ್ದರೆ ಬರೀ ಕಾಗದ. ಅಷ್ಟೇ ಅಲ್ಲ, ಹೊರಗೆ ತಂದದ್ದು ತಪ್ಪು, ಸಿಕ್ಕಿಬಿದ್ದರೆ ನಿಮಗೂ ಕಷ್ಟ ನನಗೂ ಕಷ್ಟ. ಇದನ್ನೆಲ್ಲ ಲೋಕಲ್‌ನಲ್ಲಿ ಕೂತು ಜೋಡಿಸಿಕೊಂಡಿದ್ದೆ. ಅವಳ ಮುಖ ನೋಡಿದೆ. ಅಷ್ಟು ನೆಮ್ಮದಿಯಾಗಿ ಇದ್ದ ಮುಖಕ್ಕೆ ಅದನ್ನು ಹೇಳಲು ಮನಸ್ಸು ಬರಲಿಲ್ಲ. ಕನಿಕರ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಈಗ ಅದನ್ನು ನಂಬುವುದಿಲ್ಲ. ನನ್ನ ಕೆಲಸ ಇನ್ನೂ ಕಾಯಂ ಆಗಬೇಕಿತ್ತು, ಅವಳು ಯಾರ ಹತ್ತಿರವಾದರೂ ಬಾಯಿ ಬಿಟ್ಟರೆ ಕಾಗದ ಕೊಟ್ಟವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಹೀಗಾಗಿ ಹೇಳಬೇಕಾದದ್ದನ್ನು ನುಂಗಿ, ನನ್ನ ಆಯುಷ್ಯದಲ್ಲೇ ಕೆಟ್ಟದಾದ ಮಾತೊಂದನ್ನು ಹೇಳಿದೆ:

"ಯಾರಿಗೂ ತೋರಸಬ್ಯಾಡ್ರಿ ಯಕ್ಕಾ. ಜ್ವಾಪಾನ ಇಟ್ಕೋರಿ."

ಅವಳು ಅದನ್ನು ಮತ್ತೆ ಮೇಣದ ಬಟ್ಟೆಯಲ್ಲಿ ಸುತ್ತಿದಳು. ನನಗೆ ಹೋಳಿಗೆ ಬಡಿಸಿದಳು, ತಿಂದೆ.

ಆಮೇಲೆ ನಾನು ಅಲ್ಲಿಗೆ ಹೋಗುವುದು ಕಡಿಮೆಯಾಯಿತು. ಮದುವೆಯಾಯಿತು, ಕೆಲಸ ಕಾಯಂ ಆಯಿತು, ಕೈಗೂಸು ಬಂತು. ಕಾರಣಗಳಿಗೆ ಬರವಿರಲಿಲ್ಲ. ಮೂರು ವರ್ಷ ಕಳೆದ ಮೇಲೆ ಒಂದು ದಿನ, ಸಾಂತಾಕ್ರೂಜಿನಲ್ಲಿ ಬಳಗದವರ ಮನೆಗೆ ಹೋಗಿದ್ದವಳು ದಾರಿ ಬದಲಿಸಿ ಗುಡ್ಡದ ಕಡೆ ನಡೆದೆ. ಗುಡ್ಡ ಅರ್ಧ ಕರಗಿತ್ತು. ಗುಡಿಸಲುಗಳಿದ್ದ ಜಾಗದಲ್ಲಿ ಅಗಲವಾದ ರಸ್ತೆ, ಅದರ ಮೇಲೆ ಅವರೇ ಒಡೆದ ಖಡಿ. ಯಾರನ್ನು ಕೇಳುವುದು? ತಬೇಲಾದವನೊಬ್ಬ, ಖಣಿಯವರೆಲ್ಲ ಕುರ್ಲಾದ ರೈಲು ಹಳಿಯ ಆಚೆಗೆ ಹೋದರು, ಗುತ್ತಿಗೆದಾರನೇ ಜಾಗ ತೋರಿಸಿದ ಎಂದ. ನನಗೆ ಆದದ್ದು ದುಃಖವಲ್ಲ. ಎಲ್ಲರಿಗೂ ಜಾಗ ಸಿಕ್ಕಿದೆ, ಕಾಗದದ ಮಾತು ಬರಲೇ ಇಲ್ಲ, ಸದ್ಯ ಮುಗಿಯಿತು ಎಂದು ಹಗುರಾಯಿತು. ಹಾಗೇ ಲೋಕಲ್ ಹತ್ತಿ ಮನೆಗೆ ಬಂದೆ.

ಎರಡನೆಯ ಚುನಾವಣೆ ಐವತ್ತೇಳರಲ್ಲಿ, ಬಿಸಿಲು ಏರುವ ಕಾಲಕ್ಕೆ ಬಂತು. ಅದೇ ಶಾಲೆ, ಅದೇ ಮೇಜು, ಅದೇ ಪೆಟ್ಟಿಗೆ ಪದ್ಧತಿ. ಹಿಂದೆ ಕೆಲಸ ಮಾಡಿದ ಅನುಭವ ಇದೆಯೆಂದು ನನ್ನನ್ನೇ ಹಾಕಿದರು. ಉಳಿದದ್ದೆಲ್ಲ ಬೇರೆ ಆಗಿತ್ತು. ಕ್ಷೇತ್ರದ ಗಡಿಯನ್ನು ಬೇರೆ ರೀತಿ ಎಳೆದಿದ್ದರು. ಗದ್ದೆಯ ಬದಲು ಬಿಲ್ಡಿಂಗಿನ ಪಾಯಗಳಿದ್ದವು. ಹೋದ ಸಲ ಊರಿನ ಹಿರಿಯ ಯಾವ ಪೆಟ್ಟಿಗೆ ಎಂದರೆ ಊರೆಲ್ಲ ಅದೇ ಪೆಟ್ಟಿಗೆ. ಈ ಸಲ ಮನೆಮನೆಯಲ್ಲೂ ಮುಂಬಯಿ ಯಾರದು ಎಂಬ ಜಗಳ, ಅಪ್ಪ ಒಂದು ಪೆಟ್ಟಿಗೆಗೆ ಹಾಕಿದರೆ ಮಗ ಇನ್ನೊಂದಕ್ಕೆ. ಭಾಷೆಯ ಪ್ರಕಾರ ರಾಜ್ಯ ಹಂಚಿದ ಮೇಲೆ ಬಿಜಾಪುರ, ಧಾರವಾಡ ಎಲ್ಲ ಮೈಸೂರಿಗೆ ಸೇರಿದ್ದವು. ಅದಕ್ಕೆ ನಾವು ಚಾಳಿನಲ್ಲಿ ಪೇಢೆ ಹಂಚಿದ್ದೆವು. ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಕೂತಲ್ಲೇ ಪರರಾಜ್ಯದವರಾದೆವು ಎಂದು ತಿಳಿಯಲು ಸ್ವಲ್ಪ ದಿನ ಹಿಡಿಯಿತು.

ಮಧ್ಯಾಹ್ನದ ಬಿಸಿಲಲ್ಲಿ ಅವಳು ಬಂದಳು. ಅದೇ ಇಳಕಲ್ ಸೀರೆ, ಅಂಚು ಹರಿದಿತ್ತು. ಒಬ್ಬಳೇ ಇದ್ದಳು. ಐದು ವರ್ಷಕ್ಕೆ ಹದಿನೈದು ವರ್ಷ ಆದ ಹಾಗೆ ಕಂಡಳು. ನಾನು ಗುರುತು ಹಿಡಿದೆ, ಅವಳೂ ಹಿಡಿದಳು. ನಕ್ಕಳು ಕೂಡ. ನನ್ನ ಪಕ್ಕದವರು ಪಟ್ಟಿಯಲ್ಲಿ ಅವಳ ಹೆಸರು ಹುಡುಕಿದರು. ಇರಲಿಲ್ಲ. ಇಲ್ಲದ ಗುಡಿಸಲಿನಲ್ಲಿ ಹೆಸರೆಲ್ಲಿ ಇರಬೇಕು?

"ಹೆಸರ ಇಲ್ಲಂತ ನನಗೂ ಗೊತ್ತೈತ್ರಿ ಅಕ್ಕೋರ," ಎಂದಳು. ಸಂಚಿಯ ದಾರ ಬಿಚ್ಚಿದಳು. ಮೇಣದ ಬಟ್ಟೆ ಬಿಚ್ಚಿದಳು. "ಹೊಸ ಕಾಗದ ಕೊಡಬ್ಯಾಡ್ರಿ. ನನ್ನ ಹತ್ರ ಐತಿ. ಆವಾಗ ಹಾಕಲಿಲ್ಲ, ಈಗ ಹಾಕ್ತೀನಿ. ಒಂದೀಟು ಒಳಗ ಬಿಡ್ರಿ."

ಹಿಂದಿನ ಹೆಂಗಸರು ಕತ್ತು ಉದ್ದ ಮಾಡಿ ನೋಡಿದರು. ಅವಳು ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಗುಡಿಸಲುಗಳಿಗೆ ಸುಣ್ಣದ ಗುರುತು ಹಾಕಿದಾಗ ಉಳಿದವರೆಲ್ಲ ಗುತ್ತಿಗೆದಾರ ತೋರಿಸಿದ ಜಾಗಕ್ಕೆ ಹೋದರಂತೆ. ಇವಳು ಹೋಗಲಿಲ್ಲ. ನನಗ ದಿಲ್ಲಿ ಕಾಗದ ಐತಿ, ನಾ ಯಾಕ ಏಳ್ಲಿ ಎಂದು ಕೂತಳಂತೆ. ಕೆಡವಲು ಬಂದವರಿಗೆ ಕಾಗದ ತೋರಿಸಿದಳಂತೆ. ಅವರ ಸಾಹೇಬ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದನ್ನು ಒಳಗಿಡು, ಹೊರಗೆ ತೆಗೆದರೆ ಜೇಲಿಗೆ ಹೋಗುತ್ತೀ ಎಂದನಂತೆ. ಅವಳು ಹಳಿಯ ಆಚೆಗೆ ಹೋಗುವ ಹೊತ್ತಿಗೆ ಅಲ್ಲಿ ಜಾಗ ಮುಗಿದಿತ್ತು. ಈಗ ಅವರಿವರ ಗುಡಿಸಲಿನ ಜಗಲಿಯ ಮೇಲೆ ಮಲಗುತ್ತಾಳೆ. ಮಳೆಗಾಲದಲ್ಲಿ ಒಳಗೆ ಕರೆದರೆ ಒಳಗೆ.

"ಅದು ನನ್ನ ತಪ್ಪ್ರಿ," ಎಂದಳು. "ಪೆಟ್ಟಿಗ್ಯಾಗ ಹಾಕಬೇಕಾದ್ದು ಕದ್ದು ಇಟ್ಕೊಂಡ್ನಿ. ಅದಕ್ಕ ಹಿಂಗಾತು. ನೀವು ಕಲಿಸಿದ್ದು ಸರೀನ ಇತ್ತು. ಈಗರ ಹಾಕಿದ್ರ ಮುಟ್ಟತೈತಿ, ಹೌದಲ್ರಿ?"

ಆ ಕಾಗದದ ಮೂಲೆಯ ಕುಂಕುಮ ಕಂದಿತ್ತು, ಮಡಿಕೆಯಲ್ಲಿ ಸೀಳಿತ್ತು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಗುಡಿಸಲು ಹೋದಂದಿನಿಂದ ತನ್ನದೇ ತಪ್ಪು ಎಂದುಕೊಂಡು ಬದುಕಿದ್ದಾಳೆ ಎಂದು ನನಗೆ ಅರ್ಥವಾದದ್ದು ಆಗ.

ಅಷ್ಟರಲ್ಲಿ ಈ ಸಲದ ಅಧಿಕಾರಿ ಎದ್ದು ಬಂದರು. ಇವರೂ ಮರಾಠಿಯವರು, ವಯಸ್ಸಾದವರು, ಮೂಗಿನ ತುದಿಗೆ ಕನ್ನಡಕ. ಏನು ಗದ್ದಲ ಬಾಈ ಎಂದು ಕೇಳಿ, ಕಾಗದ ನೋಡಿ ಬೆಚ್ಚಿದರು. ಇದು ಎಲ್ಲಿಂದ ಬಂತು, ಯಾರು ಕದ್ದದ್ದು, ಪೊಲೀಸನನ್ನು ಕರೆಯಬೇಕಾಗುತ್ತದೆ ಎಂದರು. ಪಟ್ಟಿಯಲ್ಲಿ ಹೆಸರೂ ಇಲ್ಲವೆಂದು ತಿಳಿದ ಮೇಲೆ, ಇವರ ರಾಜ್ಯವೇ ಈಗ ಬೇರೆಯಾಗಿದೆಯಲ್ಲ, ಅಲ್ಲೇ ಹೋಗಿ ಹಾಕಲಿ ಎಂದೂ ಸೇರಿಸಿದರು. ಬಾಗಿಲಲ್ಲಿ ನಿಂತಿದ್ದ ಪೊಲೀಸ್ ಇತ್ತ ತಿರುಗಿದ.

ಅವಳನ್ನು ಉಳಿಸಬೇಕು ಎನ್ನುವುದೊಂದೇ ಆಗ ನನಗೆ ತೋಚಿದ್ದು. ಎದ್ದು ನಿಂತು ಮರಾಠಿಯಲ್ಲಿ ಹೇಳಿದೆ: ಇವಳು ಕದ್ದವಳಲ್ಲ. ಹೋದ ಚುನಾವಣೆಯಲ್ಲಿ ಇದೇ ಮೇಜಿನಿಂದ ನಾನೇ ಕೊಟ್ಟದ್ದು. ಇಟ್ಟುಕೊಂಡರೆ ಏನಾಗುತ್ತದೆಂದು ಇವಳಿಗೆ ಗೊತ್ತಿರಲಿಲ್ಲ. ಸಂಚಿಯಲ್ಲಿ ಇಟ್ಟುಕೊಂಡು ಹೊರಗೆ ಬಂದದ್ದನ್ನು ನಾನು ನೋಡಿದೆ, ನೋಡಿಯೂ ಸುಮ್ಮನಿದ್ದೆ. ಬರೆಯುವುದಿದ್ದರೆ ನನ್ನ ಹೆಸರು ಬರೆಯಿರಿ.

ಐದು ವರ್ಷದಿಂದ ಹೆದರಿಕೊಂಡಿದ್ದ ಮಾತು ಅಷ್ಟು ಸಲೀಸಾಗಿ ಹೊರಗೆ ಬಂತು. ಅಧಿಕಾರಿ ನನ್ನನ್ನೂ ಅವಳನ್ನೂ ನೋಡಿದರು, ಹೊರಗೆ ಬಿಸಿಲಲ್ಲಿ ನಿಂತ ಸಾಲನ್ನೂ ನೋಡಿದರು. ಕನ್ನಡಕ ತೆಗೆದು ಒರೆಸಿದರು. ಹಳೆಯದನ್ನೆಲ್ಲ ಯಾರು ಕೆದಕುತ್ತಾರೆ ಬಾಈ, ಹೊರಗೆ ಕಳಿಸಿ ಮುಂದಿನವರನ್ನು ಕರೆಯಿರಿ ಎಂದು ಹೇಳಿ ತಮ್ಮ ಕುರ್ಚಿಗೆ ಹೋದರು. ನಾನು ಕೆಲಸ ಹೋಗುತ್ತದೆ ಎಂದು ಹೆದರಿದ್ದದ್ದು ಇಷ್ಟಕ್ಕೆ. ಇಷ್ಟೇ ಇಷ್ಟು.

ಅವಳ ಕಡೆ ತಿರುಗಿದೆ, ಇನ್ನೇನೂ ಹೆದರಿಕೆ ಇಲ್ಲ ಎಂದು ಕನ್ನಡದಲ್ಲಿ ಹೇಳಲು. ಅವಳು ನನ್ನನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಮುಂಬಯಿಯಲ್ಲಿ ಖಡಿ ಒಡೆದವಳಿಗೆ ಮರಾಠಿ ತಿಳಿಯುತ್ತದೆ ಎಂಬುದು ನನ್ನ ತಲೆಗೇ ಬಂದಿರಲಿಲ್ಲ.

"ನೀವು ನೋಡಿದ್ರ್ಯಾ?" ಎಂದು ಕೇಳಿದಳು.

ಹೌದೆಂದೆ.

"ಆವತ್ತ?"

"ಆವತ್ತ ನೋಡಿದೆ ಯಕ್ಕಾ."

"ಇದರಿಂದ ಏನೂ ಆಗೂದಿಲ್ಲಂತ ನಿಮಗ ಗೊತ್ತಿತ್ತು?"

"ಗೊತ್ತಿತ್ತು."

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಲಿ ಎಂದು ನಾನು ಕಾದೆ. ಬೈದಿದ್ದರೆ, ಸಾಲಿನವರ ಎದುರು ಮಾನ ಕಳೆದಿದ್ದರೆ, ನಾನು ಈಗ ಇದನ್ನು ಬರೆಯುತ್ತಿರಲಿಲ್ಲ ಅನಿಸುತ್ತದೆ. ನನ್ನ ಎರಡು ಮಾತನ್ನು ಅವಳು ಹಿಂದೆ ಒಂದು ಸಲ ಕೂಡಿಸಿ ನೋಡಿದ್ದಳು. ಈಗ ಮೂರನೆಯದನ್ನೂ, ಹೋಳಿಯ ಹೊತ್ತಿಗೆ ನಾನು ಹೇಳಿದ್ದನ್ನೂ, ಕೂಡಿಸುತ್ತಿದ್ದಳು.

ಆಮೇಲೆ ಕಾಗದವನ್ನು ಮೇಜಿನ ಮೇಲೆ, ಶಾಯಿಯ ಬಾಟಲಿಯ ಪಕ್ಕ ಇಟ್ಟಳು. ಗಾಳಿಗೆ ಹಾರದಂತೆ ಬಾಟಲಿಯ ಅಂಚನ್ನು ಅದರ ಮೇಲೆ ಸರಿಸಿದಳು. ಮೇಣದ ಬಟ್ಟೆಯನ್ನು ಮಾತ್ರ ಸಂಚಿಗೆ ಹಾಕಿ ದಾರ ಎಳೆದಳು.

"ನೀವು ಕೊಟ್ಟದ್ದು, ನೀವ ತಗೋರಿ ಅಕ್ಕೋರ," ಎಂದಳು. "ಯಾರಿಗೂ ತೋರಸಬ್ಯಾಡ್ರಿ. ಜ್ವಾಪಾನ ಇಟ್ಕೋರಿ."

ಹೊರಗೆ ಬಿಸಿಲಿಗೆ ಇಳಿದು, ಕುರ್ಲಾದ ಕಡೆಗೆ ತಿರುಗುವ ರಸ್ತೆ ಹಿಡಿದಳು. ಕರೆಯಲು ಬಾಯಿ ತೆರೆದೆ. ಮುಂದಿನ ಹೆಂಗಸು ಆಗಲೇ ಬೆರಳು ಚಾಚಿ ನಿಂತಿದ್ದಳು, ನಾನು ಶಾಯಿಯ ಕಡ್ಡಿ ಎತ್ತಿಕೊಂಡೆ.